ಕರ್ಕಶತೆಗೆ ಡಯೋಡ್ ಕಾರಣವಲ್ಲ

ಗಿಟಾರಿನ ನಾದವನ್ನು ಬೇಕೆಂದೇ ಒರಟಾಗಿಸುವ ಅಗ್ಗದ ಅನಲಾಗ್ ಡಿಸ್ಟಾರ್ಷನ್ ಪೆಡಲ್‌ಗಳ ನಾದ ಕರ್ಕಶವಾಗಲು ಒಳಗಿನ ಅಗ್ಗದ ಬಿಡಿಭಾಗಗಳೇ ಕಾರಣ ಎಂದು ಲೇಖನವೊಂದರಲ್ಲಿ ಓದಿದ ಮಾತನ್ನು ನಾನು ಒಪ್ಪಲಾರೆ. 1978ರಲ್ಲಿ ಬಂದ ಬಾಸ್ ಡಿಎಸ್-1 ಆಗಲಿ, ಪ್ರೋಕೋ ರ್‍ಯಾಟ್ ಆಗಲಿ, ಇಂಥ ಹೆಸರಾಂತ ಪೆಡಲ್‌ಗಳೂ ಮೂಲತಃ ಗಿಟಾರಿನ ಸಿಗ್ನಲ್ಲನ್ನು ಹಿಗ್ಗಿಸಿ ಅದರ ನೆತ್ತಿಯನ್ನು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಒಂದು ಜೊತೆ ಸಿಲಿಕಾನ್ ಡಯೋಡ್‌ಗಳಿಂದ ಕತ್ತರಿಸುತ್ತವೆ. ಇಡೀ ಪೆಡಲ್‌ನ ಅತಿ ಅಗ್ಗದ ವಸ್ತುಗಳಲ್ಲಿ ಆ ಡಯೋಡ್‌ಗಳೂ ಸೇರಿವೆ. ದುಡ್ಡು ಹೆಚ್ಚಾಗಿ ಹೋಗುವುದು ಲೋಹದ ಪೆಟ್ಟಿಗೆ, ಕಾಲಲ್ಲಿ ಒತ್ತುವ ಸ್ವಿಚ್ಚು ಮತ್ತು ಜ್ಯಾಕ್‌ಗಳಿಗೆ. ಆದ್ದರಿಂದ ಕಡಿಮೆ ಬೆಲೆಯ ಪೆಡಲ್ ಕೊಳ್ಳುವವರು ಸ್ವಿಚ್ಚನ್ನು ಹತ್ತಾರು ಸಲ ಒತ್ತಿ, ಜ್ಯಾಕ್‌ಗೆ ಸಿಕ್ಕಿಸಿದ ಕೇಬಲ್ಲನ್ನು ಮೆಲ್ಲಗೆ ಅಲುಗಿಸಿ ನೋಡುವುದು ಒಳ್ಳೆಯದು.

ಕರ್ಕಶತೆಯಲ್ಲಿ ನಮ್ಮ ಕೈಯ ಪಾಲೇ ಹೆಚ್ಚು. ಮೊದಲ ಪೆಡಲ್ ಕೊಂಡಾಗ ನಾನು ಒರಟುತನ ಹೆಚ್ಚಿಸುವ ಗೇನ್, ತೀಕ್ಷ್ಣತೆ ಹೆಚ್ಚಿಸುವ ಟೋನ್ ಎರಡೂ ನಾಬ್‌ಗಳನ್ನು ಕೊನೆಯವರೆಗೆ ತಿರುಗಿಸಿ, ಕಣಜದ ಗೂಡಿನಂಥ ಸದ್ದಿಗೆ ಬೇಸತ್ತು ಅದನ್ನು ಮಾರಲು ಹೊರಟಿದ್ದೆ. ಟೋನನ್ನು ಗಡಿಯಾರದ ಒಂಬತ್ತರ ಜಾಗಕ್ಕೂ ಗೇನನ್ನು ಅರ್ಧಕ್ಕೂ ಇಳಿಸಿ ವಾಲ್ಯೂಮ್ ಏರಿಸಿದ ಮೇಲೆ, ಕಾರ್ಡ್ ನುಡಿಸಿದಾಗ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳತೊಡಗಿತು. (ರ್‍ಯಾಟ್‌ನ ಫಿಲ್ಟರ್ ನಾಬ್ ಮಾತ್ರ ಉಲ್ಟಾ: ಬಲಕ್ಕೆ ತಿರುಗಿಸಿದಷ್ಟೂ ತೀಕ್ಷ್ಣತೆ ತಗ್ಗುತ್ತದೆ.) ಇನ್ನು ಗುಂಯ್ ಎಂಬ ಸದ್ದಿಗೆ ಪೆಡಲ್ಲನ್ನು ದೂರುವ ಮೊದಲು 9 ವೋಲ್ಟ್ ಬ್ಯಾಟರಿ ಹಾಕಿ ನೋಡಬೇಕು, ಎಷ್ಟೋ ಸಲ ತಪ್ಪು ಅಡಾಪ್ಟರಿನದಾಗಿರುತ್ತದೆ.