ಟಿಎಂಸಿ ಲೆಕ್ಕದಲ್ಲಿ ಉಪ್ಪು ಕಾಣೋದಿಲ್ಲ

ಕೆಂಗೇರಿಯ ನಮ್ಮ ಮನೆಯಿಂದ ಎರಡು ರಸ್ತೆ ದಾಟಿದರೆ ಬೆಂಗಳೂರಿನ ಕೊಳಚೆ ಹೊತ್ತು ಹರಿಯುವ ವೃಷಭಾವತಿ ನದಿ. ಜಾಸ್ತಿ ಜನಕ್ಕೆ ಅದು ಬರೀ ಕೆಂಗೇರಿ ಮೋರಿ. ಚಿಕ್ಕಮ್ಮನ ಹೊಲ ಇದೇ ನೀರಿನ ಕೆಳಗಡೆ, ಬೈರಮಂಗಲ ಕೆರೆಯ ಅಚ್ಚುಕಟ್ಟಿನಲ್ಲಿದೆ. ಮೊನ್ನೆ ಹೋದಾಗ ಚಿಕ್ಕಮ್ಮ ಹೇಳಿದರು: "ನೀರಿಗೇನೂ ಕಮ್ಮಿ ಇಲ್ಲ ಕಣೋ. ಬೇಸಿಗೇಲೂ ಬರುತ್ತೆ. ಆದ್ರೆ ಕಾಲಿಟ್ರೆ ತುರಿಕೆ." ಭತ್ತ ನಾಟಿ ಮಾಡುತ್ತಿದ್ದ ಗದ್ದೆಯಲ್ಲಿ ಈಗ ಬೇಬಿ ಕಾರ್ನ್, ದನದ ಹುಲ್ಲು.

ಅವತ್ತಿನಿಂದ ಕೊಲೊರಾಡೊ ನದಿಯ ಕತೆ ನನ್ನ ತಲೆಯಲ್ಲಿ ಸುತ್ತುತ್ತಿದೆ. ಅದು ಅಮೆರಿಕದಿಂದ ಮೆಕ್ಸಿಕೊಗೆ ಹರಿಯುತ್ತದೆ. ಗಡಿಯ ಎರಡೂ ಕಡೆ ಮರುಭೂಮಿ. 1944ರ ಒಪ್ಪಂದದಂತೆ ಅಮೆರಿಕ ವರ್ಷಕ್ಕೆ 15 ಲಕ್ಷ ಎಕರೆ-ಅಡಿ ನೀರು ಬಿಡಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 65 ಟಿಎಂಸಿ. ಕಾವೇರಿಯಿಂದ ನಾವು ವರ್ಷಕ್ಕೆ ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ತಮಿಳುನಾಡಿಗೆ ಬಿಡಬೇಕಾದ 177.25 ಟಿಎಂಸಿಗೆ ಹೋಲಿಸಿದರೆ ಕಮ್ಮಿ. ಆದರೆ ಮೆಕ್ಸಿಕಾಲಿ ಬಯಲಿನ ರೈತರು ನಂಬಿರುವುದು ಅದನ್ನೇ.

ಒಪ್ಪಂದದಲ್ಲಿ ನೀರು ಎಷ್ಟು ಅಂತ ಬರೆದಿದ್ದರು. ಎಂಥ ನೀರು ಅಂತ ಬರೆದಿರಲಿಲ್ಲ.

ಅರಿಜೋನಾದ ವೆಲ್ಟನ್-ಮೊಹಾಕ್ ಎಂಬಲ್ಲಿ ಹೊಲಗಳ ಅಡಿಯಿಂದ ಉಪ್ಪುನೀರು ಮೇಲೇರಿ ಬೆಳೆ ಕೆಡುತ್ತಿತ್ತು. 1961ರಲ್ಲಿ ಬಾವಿಗಳಿಂದ ಆ ನೀರನ್ನು ಎತ್ತಿ ಗಿಲಾ ನದಿಗೆ ಬಿಡತೊಡಗಿದರು. ಗಿಲಾ ಕೊಲೊರಾಡೊವನ್ನು ಸೇರುವುದು, ಮೆಕ್ಸಿಕೊ ತನ್ನ ಪಾಲಿನ ನೀರು ತೆಗೆದುಕೊಳ್ಳುವ ಮೊರೆಲೊಸ್ ಅಣೆಕಟ್ಟೆಗಿಂತ ಮೇಲೆ. ಲೀಟರಿಗೆ ಸುಮಾರು 800 ಮಿಲಿಗ್ರಾಂ ಇದ್ದ ಉಪ್ಪು 1,500ರ ಹತ್ತಿರ ಹೋಯಿತು. ಮೆಕ್ಸಿಕಾಲಿಯಲ್ಲಿ ಬೆಳೆ ಹಾಳಾಯಿತು, ರೈತರು ಬೀದಿಗಿಳಿದರು. ಅಮೆರಿಕದ ವಾದ ಏನು ಗೊತ್ತಾ? ಯಾವ ಮೂಲದಿಂದ ಬಂದರೂ ನೀರು ನೀರೇ, ಅದೂ ಲೆಕ್ಕಕ್ಕೆ ಸೇರುತ್ತದೆ. ಈ ವಾದ ಓದಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಸರಿಯಾಗೋಕೆ 12 ವರ್ಷ ಹಿಡಿಯಿತು. 1973ರ ಆಗಸ್ಟ್ 30ರಂದು 'ಮಿನಿಟ್ 242' ಎಂಬ ಒಡಂಬಡಿಕೆ ಆಯಿತು. ಅಮೆರಿಕದೊಳಗಿನ ಇಂಪೀರಿಯಲ್ ಅಣೆಕಟ್ಟೆಯಲ್ಲಿ ಎಷ್ಟು ಉಪ್ಪಿರುತ್ತದೋ, ಮೆಕ್ಸಿಕೊಗೆ ಹೋಗುವ ನೀರಲ್ಲಿ ವರ್ಷದ ಸರಾಸರಿಯಲ್ಲಿ ಅದರ ಮೇಲೆ 115 ಪಿಪಿಎಂಗಿಂತ (ಹೆಚ್ಚೂಕಮ್ಮಿ ಲೀಟರಿಗೆ ಅಷ್ಟೇ ಮಿಲಿಗ್ರಾಂ) ಜಾಸ್ತಿ ಇರಬಾರದು, 30 ಆಚೀಚೆ ಆಗಬಹುದು. ಯೂಮಾದಲ್ಲಿ ಉಪ್ಪು ತೆಗೆಯುವ ದೊಡ್ಡ ಘಟಕವನ್ನೂ ಕಟ್ಟಿದರು. 1992ರಲ್ಲಿ ಶುರುವಾಗಿ ಕೆಲವೇ ತಿಂಗಳಲ್ಲಿ ನಿಂತಿತು. ವೆಲ್ಟನ್-ಮೊಹಾಕ್‌ನ ಉಪ್ಪುನೀರು ಬೇರೆ ಕಾಲುವೆಯಲ್ಲಿ ಮೆಕ್ಸಿಕೊದ ಮರುಭೂಮಿಗೆ ಹರಿದು, ಅಲ್ಲೊಂದು ದೊಡ್ಡ ಜೌಗು ಬೆಳೆಯಿತು. ಈಗ ಅದು ಹಕ್ಕಿಗಳ ನೆಲೆ. ಅದರದೇ ಬೇರೆ ಕತೆ, ಇನ್ನೊಮ್ಮೆ ಬರೆಯುತ್ತೇನೆ.

ಈಗ ನಮ್ಮ ಕಡೆ ನೋಡಿ. ವೃಷಭಾವತಿ ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಬಿಳಿಗುಂಡ್ಲು ಇರುವುದು ಅದರ ಕೆಳಗೆ. ಅಂದರೆ ಅಲ್ಲಿ ಅಳೆಯುವ ಟಿಎಂಸಿಯಲ್ಲಿ ನಮ್ಮ ಬಚ್ಚಲ ನೀರೂ ಸೇರಿದೆ. ಆ ಕಡೆ ಬೆಳ್ಳಂದೂರು, ವರ್ತೂರಿನ ನೀರು ದಕ್ಷಿಣ ಪಿನಾಕಿನಿಯಲ್ಲಿ ಹೊಸೂರಿನ ಕೆಲವರಪಲ್ಲಿ ಅಣೆಕಟ್ಟೆಗೆ ನೊರೆ ಹೊತ್ತು ಹೋಗುತ್ತದೆ. 2015ರಲ್ಲಿ ತಮಿಳುನಾಡು ಇದೇ ವಿಷಯಕ್ಕೆ ಸುಪ್ರೀಂ ಕೋರ್ಟ್‌ ಮೆಟ್ಟಿಲೇರಿತ್ತು. ಕಾವೇರಿ ಗಲಾಟೆ ಆದಾಗೆಲ್ಲ ನಾನೂ ಕರ್ನಾಟಕದ ಪರವೇ ಮಾತಾಡಿದ್ದೇನೆ, ಈಗಲೂ ಮಾತಾಡುತ್ತೇನೆ. ಆದರೆ ಈ ಒಂದು ವಿಷಯದಲ್ಲಿ ನಾವು ತಪ್ಪಿದ್ದೇವೆ. ಪ್ರತಿ ಸಲ ಟಿಎಂಸಿ ಎಣಿಸುವಾಗ ಅದರ ಪಕ್ಕದಲ್ಲಿ ಕೊಳೆಯ ಲೆಕ್ಕವೂ ಇರಬೇಕು. ಆ ಮಿತಿ ಒಪ್ಪಂದದೊಳಗೇ ಬರಬೇಕು, ಅಂಕಿಯಲ್ಲಿ.

"ನಮಗೇ ಕುಡಿಯೋಕೆ ನೀರಿಲ್ಲ, ಕೆಳಗಿನವರ ಚಿಂತೆ ಯಾಕೆ?" ಅಂತ ಗೆಳೆಯರೊಬ್ಬರು ಕೇಳಿದರು. ಕೆಳಗಿನವರು ಅಂದರೆ ಗಡಿಯಾಚೆಯವರು ಮಾತ್ರ ಅಲ್ಲ, ಅಲ್ವಾ? ಎಲ್ಲರಿಗಿಂತ ಮೊದಲು ಸಿಗುವುದು ಬಿಡದಿ ಪಕ್ಕದ ನಮ್ಮ ಚಿಕ್ಕಮ್ಮ. ಅವರ ಕೆರೆ ತುಂಬಿದೆ, ಮನೆಗೆ ಕುಡಿಯೋಕೆ ಕ್ಯಾನ್ ನೀರು ಬರುತ್ತದೆ.

ಬೈರಮಂಗಲ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಬೋರ್‌ವೆಲ್ ನೀರನ್ನು ಎಲ್ಲಿ ಪರೀಕ್ಷೆ ಮಾಡಿಸಿದಿರಿ, ಏನು ಬಂತು ಅಂತ ದಯವಿಟ್ಟು ತಿಳಿಸಿ. ಚಿಕ್ಕಮ್ಮನ ಬೋರ್‌ವೆಲ್‌ನಿಂದ ಎರಡು ಬಾಟಲಿ ತಂದಿಟ್ಟಿದ್ದೇನೆ.