ಸೊನ್ನೆ ರೂಪಾಯಿ ಮಾತ್ರ

ಚಿಕ್ಕಪ್ಪ ಕೋಲಾರದ ಮಾರ್ಕೆಟ್ಟಿಗೆ 50 ಬಾಕ್ಸ್ ಟೊಮೆಟೊ ಹಾಕಿ ಬಂದಿದ್ದರು. ಮಂಡಿಯ ಚೀಟಿ ನನ್ನ ಕೈಗಿಟ್ಟು, "ಓದಪ್ಪ" ಅಂದರು. ಬಾಕ್ಸಿಗೆ 20ರಂತೆ 1000 ರೂಪಾಯಿ. ಕಮಿಷನ್ 100, ಗಾಡಿ ಬಾಡಿಗೆ 750, ಹಮಾಲಿ 150. ಕೆಳಗೆ ಗುಂಡಗೆ ಒಂದು ಸೊನ್ನೆ, ಪಕ್ಕದಲ್ಲಿ 'ಮಾತ್ರ'. ಆ 'ಮಾತ್ರ' ಯಾಕೋ! ಸೊನ್ನೆಗಿಂತ ಜಾಸ್ತಿ ಕೇಳಿಬಿಟ್ಟಾರು ಅಂತಿರಬೇಕು.

ಬಿಡಿಸುವ ಕೂಲಿ ಚೀಟಿಯಲ್ಲಿ ಇರಲಿಲ್ಲ. ಅದು ಮನೆಯ ಲೆಕ್ಕ.

ರೋಮನ್ ಅಂಕಿಯಲ್ಲಾದರೆ ಈ ಚೀಟಿ ಮುಗಿಯುತ್ತಲೇ ಇರಲಿಲ್ಲ, ಅದರಲ್ಲಿ ಸೊನ್ನೆಯೇ ಇಲ್ಲ. ಬ್ಯಾಬಿಲೋನಿನವರು ಅಂಕಿಗಳ ನಡುವೆ ಜಾಗ ಖಾಲಿ ಅಂತ ತೋರಿಸಲು ಜೇಡಿಮಣ್ಣಿನ ಹಲಗೆಯಲ್ಲಿ ಎರಡು ಓರೆ ಗುರುತು ಒತ್ತುತ್ತಿದ್ದರು, ಅಷ್ಟೆ. ನನಗೆ ಇಷ್ಟವಾದವರು ಮೆಕ್ಸಿಕೋ ಕಡೆಯ ಮಾಯಾ ಜನ. ಸೊನ್ನೆಗೆ ಅವರು ಬರೆಯುತ್ತಿದ್ದದ್ದು ಚಿಪ್ಪಿನ ಚಿತ್ರ! ನಾವೂ 'ಕೈಗೆ ಚಿಪ್ಪು ಕೊಟ್ಟರು' ಅಂತೀವಲ್ವಾ? ಅವರದು ಸಮುದ್ರದ್ದು, ನಮ್ಮದು ತೆಂಗಿನದು.

ಇಟಲಿಯ ಫ್ಲಾರೆನ್ಸಿನ ಹಣ ವಿನಿಮಯದವರ ಸಂಘ 1299ರಲ್ಲಿ, ಭಾರತದಿಂದ ಅರಬರ ಮೂಲಕ ಬಂದ ಸೊನ್ನೆಯಿರುವ ಹೊಸ ಅಂಕಿಗಳೇ ಲೆಕ್ಕದ ಪುಸ್ತಕಕ್ಕೆ ಬೇಡ ಅಂದಿತ್ತು. ಸೊನ್ನೆಗೊಂದು ಬಾಲ ಎಳೆದರೆ 6, ಇಲ್ಲವೇ 9. ಚಿಕ್ಕಪ್ಪನ ಚೀಟಿಗೆ ಬಾಲ ಎಳೆಯುವ ಪುಣ್ಯಾತ್ಮ ಯಾರೂ ಸಿಗಲಿಲ್ಲ.

628ರಲ್ಲಿ ಬ್ರಹ್ಮಗುಪ್ತ ಸೊನ್ನೆಗೆ ನಿಯಮ ಬರೆದಾಗ ಧನ, ಋಣ ಅಂತ ಆಸ್ತಿ–ಸಾಲದ ಮಾತಲ್ಲೇ ಬರೆದ. ಸೊನ್ನೆಯಿಂದ ಋಣ ಕಳೆದರೆ ಧನ. ಇದನ್ನು ಹೇಳಿದೆ. ಚಿಕ್ಕಪ್ಪ ತಲೆ ಎತ್ತಿ, "ಯಾವ ಬ್ಯಾಂಕಲ್ಲಪ್ಪಾ?" ಅಂದರು.

ನಮ್ಮ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂದಿದ್ದ. ಇವತ್ತಿನ ಗಣಿತ ಒಪ್ಪುವುದಿಲ್ಲ. ಆದರೂ ಹಂಚಿಕೊಳ್ಳೋಕೆ ಯಾರೂ ಬರಲಿಲ್ಲ ಅಂದ್ಮೇಲೆ ಇದ್ದದ್ದು ಇದ್ದಂಗೇ ಇರಬೇಕಲ್ವಾ? ಪಾಪ, ಅವನದೂ ನ್ಯಾಯವೇ.

ಅಷ್ಟರಲ್ಲಿ ಚಿಕ್ಕಪ್ಪನ ಮೊಮ್ಮಗಳು ಚೀಟಿ ಕಿತ್ತುಕೊಂಡು, ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದಳು: 'ತಾತ ಮಡಿಗೆ ಹೋಗಿದ್ದರು.'

"ಮಡಿ ಅಲ್ಲ ಕಣೇ, ಮಂಡಿ. ಸೊನ್ನೆ ಎಲ್ಲಿ?" ಅಂದೆ.

"ಮರ್ತೋಯ್ತು."

ಚಿಕ್ಕಪ್ಪ ಚೀಟಿ ತಿರುಗಿಸಿ ತೋರಿಸಿದರು. "ಈ ಕಡೆ ಐತೆ ನೋಡು, ತಗೋ."