ಅರ್ಥಶಾಸ್ತ್ರ ಓದಿದವರು ಸ್ವಾರ್ಥಿಗಳಾಗುತ್ತಾರಾ?

‘ನಿಮ್ಮ ಸಬ್ಜೆಕ್ಟ್ ಓದೋ ಹುಡುಗರು ಎಲ್ಲದಕ್ಕೂ ಲಾಭ-ನಷ್ಟ ನೋಡ್ತಾರಲ್ಲ ಮೇಡಂ’ ಅಂತ ಸ್ಟಾಫ್ ರೂಮಿನಲ್ಲಿ ಆಗಾಗ ಕೇಳಿಬರುತ್ತದೆ. ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ನನಗೆ ಇದು ತಳ್ಳಿಹಾಕುವ ಮಾತಲ್ಲ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಫ್ರಾಂಕ್ ಮತ್ತು ಇಬ್ಬರು ಸಂಗಡಿಗರು 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದುಡ್ಡಿಟ್ಟು ಆಡುವ ಆಟ. ಇಬ್ಬರೂ ಸಹಕರಿಸಿದರೆ ಇಬ್ಬರಿಗೂ ಒಳ್ಳೆಯದು, ಒಬ್ಬ ಕೈಕೊಟ್ಟರೆ ಅವನಿಗೆ ಹೆಚ್ಚು ಲಾಭ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಸುಮಾರು ಶೇ. 60ರಷ್ಟು ಸಲ ಕೈಕೊಟ್ಟರು, ಉಳಿದವರು ಶೇ. 39ರಷ್ಟು.

ಅಂಥ ಸ್ವಭಾವದವರೇ ಈ ವಿಷಯ ಆರಿಸಿಕೊಳ್ಳುತ್ತಾರೆ ಎನ್ನುವ ವಾದವೂ ಇದೆ. ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಬಡ ವಿದ್ಯಾರ್ಥಿಗಳ ನಿಧಿಗೆ ಯಾರು ಕೊಡುತ್ತಾರೆಂದು ನೋಡಿದಾಗ ಹೆಚ್ಚುಕಡಿಮೆ ಹಾಗೇ ಕಂಡಿತು.

ಆದರೆ ನನ್ನನ್ನು ಕಾಡುವುದು ಕಾರ್ನೆಲ್‌ನವರದೇ ಇನ್ನೊಂದು ಪರೀಕ್ಷೆ. ಹತ್ತು ಕಂಪ್ಯೂಟರ್ ಬಂದಿವೆ, ಬಿಲ್ಲು ಒಂಬತ್ತಕ್ಕೆ ಮಾತ್ರ, ಅಂಗಡಿಯವರಿಗೆ ಹೇಳುತ್ತೀರಾ? ಸೆಮಿಸ್ಟರಿನ ಶುರುವಿನಲ್ಲೂ ಕೊನೆಯಲ್ಲೂ ಇಂಥವೇ ಪ್ರಶ್ನೆ. ಇಬ್ಬರು ಮೇಷ್ಟ್ರು ಅರ್ಥಶಾಸ್ತ್ರ ಹೇಳುತ್ತಿದ್ದರು. ಅಪ್ರಾಮಾಣಿಕತೆಯ ಕಡೆ ಹೆಚ್ಚು ವಾಲಿದ್ದು ಗೇಮ್ ಥಿಯರಿಯ, ಅಂದರೆ ಎದುರಿನವರ ನಡೆ ಊಹಿಸಿ ತನಗೆ ಲಾಭದ ನಡೆ ಯಾವುದೆಂದು ಲೆಕ್ಕಹಾಕುವ ಶಾಸ್ತ್ರದ, ಪರಿಣತರ ತರಗತಿ. ಅಭಿವೃದ್ಧಿ ಅರ್ಥಶಾಸ್ತ್ರದ ಮೇಷ್ಟ್ರ ತರಗತಿ ಅಷ್ಟು ವಾಲಲಿಲ್ಲ. ವಿಷಯ ಒಂದೇ, ಪಾಠ ಮಾಡಿದವರು ಬೇರೆ.

ನಮ್ಮ ತರಗತಿಗಳಲ್ಲೂ ಇದೇ ಆಗುತ್ತಿದೆ ಅನ್ನುವುದು ನನ್ನ ನಂಬಿಕೆ. ‘ಗ್ರಾಹಕ ವಿವೇಚನಾಶೀಲ ಎಂದು ಭಾವಿಸೋಣ’ ಅಂತ ಶುರುಮಾಡುತ್ತೇವೆ. ಆ ‘ಭಾವಿಸೋಣ’ ಪರೀಕ್ಷೆ ಹೊತ್ತಿಗೆ ಮಾಯ. ‘ಮನುಷ್ಯ ಸ್ವಭಾವತಃ ಸ್ವಾರ್ಥಿ’ ಅಂತ ಉತ್ತರಪತ್ರಿಕೆಯಲ್ಲಿ ಬರೆದರೆ ಸರಿ ಹಾಕಿ ಎರಡು ಅಂಕ ಕೊಡುತ್ತೇವೆ. ಹದಿನೆಂಟರ ಹುಡುಗಿ ಅದನ್ನೇ ಲೋಕದ ನಿಯಮ ಅಂದುಕೊಂಡರೆ ತಪ್ಪು ಅವಳದಲ್ಲ.

ಹಂಚಿಕೊಂಡ ನೀರು, ಹುಲ್ಲುಗಾವಲುಗಳನ್ನು ಜನ ತಾವೇ ನಿಯಮ ಮಾಡಿಕೊಂಡು ಹೇಗೆ ಕಾಯುತ್ತಾರೆಂದು ತೋರಿಸಿದ ಎಲಿನೋರ್ ಆಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಅದೂ ಅರ್ಥಶಾಸ್ತ್ರಕ್ಕೇ. ನಮ್ಮಲ್ಲಿ ನೀರುಗಂಟಿ ಇದ್ದ. ಕೆರೆಯ ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದ. ಸುಗ್ಗಿಯಲ್ಲಿ ರೈತರು ಕೊಡುವ ಧಾನ್ಯವೇ ಅವನ ಕೂಲಿ. ಒಬ್ಬ ಸರದಿ ತಪ್ಪಿಸಿ ನೀರು ತಿರುಗಿಸಿಕೊಂಡರೆ ಇಡೀ ಊರಿಗೆ ಗೊತ್ತಾಗುತ್ತಿತ್ತು. ಗೇಮ್ ಥಿಯರಿ ಹೇಳಿದ ವಾರವೇ ನಾನು ಇದನ್ನೂ ಹೇಳುತ್ತೇನೆ. ಅಚ್ಚುಕಟ್ಟಿನ ಊರುಗಳಿಂದ ಬರುವ ಮಕ್ಕಳು ತಾವಾಗೇ ಮಾತಿಗಿಳಿಯುತ್ತಾರೆ.

ಪಠ್ಯಕ್ರಮ ಸಮಿತಿಗಳಲ್ಲಿರುವ ಗೆಳೆಯರಲ್ಲಿ ಕೇಳಿಕೊಳ್ಳುತ್ತೇನೆ: ಆಸ್ಟ್ರಮ್ ಪಾಠ ಎಂ.ಎ.ವರೆಗೆ ಕಾಯುವುದು ಬೇಡ. ಮೊದಲ ಸೆಮಿಸ್ಟರಿಗೇ ತನ್ನಿ. ಹೆಚ್ಚಿನವರು ಅರ್ಥಶಾಸ್ತ್ರ ಓದುವುದು ಡಿಗ್ರಿಯವರೆಗೆ ಮಾತ್ರ.